ಷ್ನಿಟ್: ಜರ್ಮನ್ ಕತ್ತಿವರಸೆಯ ಕೊಯ್ತ

ಉದ್ದಕತ್ತಿಯ ಜರ್ಮನ್ ವರಸೆಯಲ್ಲಿ ಅಲಗನ್ನು ಎದುರಾಳಿಯ ಮೈಗೆ ತಾಗಿಸಿ, ಒತ್ತಿ, ಎಳೆಯುವ ಇಲ್ಲವೆ ತಳ್ಳುವ ಪ್ರಯೋಗಕ್ಕೆ ‘ಷ್ನಿಟ್’, ಅಂದರೆ ಕೊಯ್ತ, ಎಂದು ಹೆಸರು. ಕತ್ತಿಯಿಂದ ಗಾಯಮಾಡುವ ಮೂರು ಬಗೆಗಳಲ್ಲಿ ಇದೊಂದು. ಉಳಿದೆರಡು ಕಡಿತ ಮತ್ತು ಇರಿತ. ಕಡಿಯಲು ಬೀಸು ಬೇಕು, ಇರಿಯಲು ಮೊನೆ ಎದುರಾಳಿಯತ್ತ ನೆಟ್ಟಿರಬೇಕು. ಇಬ್ಬರೂ ತೀರ ಹತ್ತಿರ ಬಂದು ಬೀಸಲು ಜಾಗವಿಲ್ಲದಾಗ ಉಳಿಯುವುದು ಕೊಯ್ತ. ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವವರಿಗೆ ಇದರ ತತ್ತ್ವ ಗೊತ್ತೇ ಇರುತ್ತದೆ: ಬರಿಯ ಒತ್ತಡಕ್ಕಿಂತ ಅಲಗಿನ ಮೇಲಿನ ಜಾರು ಹೆಚ್ಚು ಕೆಲಸ ಮಾಡುತ್ತದೆ.

ಈ ವಿದ್ಯೆಯ ಮೂಲಪುರುಷ 14ನೆಯ ಶತಮಾನದ ಯೊಹಾನೆಸ್ ಲೀಖ್ಟೆನಾವರ್. ಅವನ ಪಾಠ ಒಗಟಿನಂಥ ಪದ್ಯಗಳಲ್ಲಿದೆ; 15ನೆಯ ಶತಮಾನದ ವ್ಯಾಖ್ಯಾನಗಳಿಲ್ಲದೆ ಅದು ಅರ್ಥವಾಗುವುದು ಕಷ್ಟ. ಸಿಗ್ಮುಂಡ್ ರಿಂಗೆಕ್‌ನ ವ್ಯಾಖ್ಯಾನ ಮತ್ತು ರೋಮ್‌ನಲ್ಲಿರುವ 1452ರ ಹಸ್ತಪ್ರತಿ ಇವುಗಳಲ್ಲಿ ಮುಖ್ಯವಾದವು. ವಿದ್ಯೆಯ 17 ಪ್ರಧಾನ ಅಂಗಗಳಲ್ಲಿ ಎರಡು, ‘ಆಬ್‌ಷ್ನೈಡನ್’ (ಕೊಯ್ದು ತಡೆಯುವುದು) ಮತ್ತು ‘ಹೆಂಡೆಡ್ರುಕನ್’ (ಕೈ ಅದುಮುವುದು), ನೇರವಾಗಿ ಕೊಯ್ತಕ್ಕೇ ಸೇರಿವೆ.

ಕೊಯ್ತಗಳು ನಾಲ್ಕು: ಮೇಲಿನಿಂದ ಎರಡು, ಕೆಳಗಿನಿಂದ ಎರಡು, ಎಡಕ್ಕೊಂದು ಬಲಕ್ಕೊಂದರಂತೆ. ಯಾವುದನ್ನು ಬಳಸಬೇಕೆಂದು ಎದುರಾಳಿಯ ಕೈಗಳೇ ಹೇಳುತ್ತವೆ. ಅವನು ಕೈಗಳನ್ನು ಎತ್ತಿಕೊಂಡು ಒಳನುಗ್ಗಿದರೆ ಮಣಿಕಟ್ಟಿನ ಕೆಳಗೆ ಕೆಳಕೊಯ್ತ. ಅಲಗಿಗೆ ಅಲಗು ತಾಗಿ ನಿಂತಾಗ ಅವನು ಕತ್ತಿಯನ್ನು ಬಿಡಿಸಿಕೊಂಡು ಇನ್ನೊಂದು ಬದಿಗೆ ಹೊಡೆಯಹೋದರೆ ತೋಳುಗಳ ಮೇಲೆ ಮೇಲ್ಕೊಯ್ತ. ಎರಡೂ ಕಡೆ ಗುರಿ ಕೈಯೇ. ಕೈ ಸಿಕ್ಕಿಬಿದ್ದರೆ ಕತ್ತಿ ಆಡುವುದಿಲ್ಲ. ಹಾಗಾಗಿ ಕೊಯ್ತವನ್ನು ಗಾಯಕ್ಕಿಂತ ಮಿಗಿಲಾಗಿ ಹತೋಟಿಯ ಉಪಾಯವೆಂದು ತಿಳಿಯುವುದೇ ಸರಿ.

ಹೆಂಡೆಡ್ರುಕನ್‌ನಲ್ಲಿ ಈ ಎರಡು ಕೊಯ್ತಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೈಯೆತ್ತಿ ನುಗ್ಗಿದವನ ಮಣಿಕಟ್ಟಿಗೆ ಕೆಳಗಿನಿಂದ ಅಲಗನ್ನಿಟ್ಟು ಮೇಲಕ್ಕೆ ಒತ್ತುತ್ತಾರೆ. ಆ ಒತ್ತನ್ನು ಸಡಿಲಿಸದೆಯೇ ಪಕ್ಕಕ್ಕೆ ಹೆಜ್ಜೆಯಿಟ್ಟು, ಹಿಡಿಯ ತುದಿಯ ಗುಂಡನ್ನು ತಿರುಗಿಸಿ, ಅಲಗನ್ನು ಅವನ ತೋಳುಗಳ ಮೇಲಕ್ಕೆ ತಂದು ಕೆಳಗೆ ಅದುಮುತ್ತಾರೆ. ಕೆಳಕೊಯ್ತವೇ ಮೇಲ್ಕೊಯ್ತವಾಗಿ ಮಗುಚುವ ಈ ವರಸೆಯಲ್ಲಿ ಬಲಕ್ಕಿಂತ ಹೆಜ್ಜೆಯ ಪಾತ್ರ ದೊಡ್ಡದು.

ಬೇರೆ ವರಸೆಗಳಲ್ಲೂ ಕೊಯ್ತ ಬರುತ್ತದೆ. ‘ಡುಪ್ಲೀರನ್’ (ಇಮ್ಮಡಿಸುವುದು) ಎಂಬುದರಲ್ಲಿ ಎದುರಾಳಿಯ ಅಲಗಿನ ಹಿಂದಿನಿಂದ ಮುಖಕ್ಕೆ ಕೊಯ್ಯುವುದುಂಟು. ಅಲಗು ಕಚ್ಚಿಕೊಂಡಾಗ ಮಾಡುವ ತಿರುವುಗಳು (‘ವಿಂಡನ್’) ಎಂಟು. ಪ್ರತಿಯೊಂದರಿಂದಲೂ ಕಡಿತ, ಇರಿತ, ಕೊಯ್ತ ಹೊರಡುವುದರಿಂದ ಒಟ್ಟು 24 ಪ್ರಯೋಗಗಳೆಂದು ಲೆಕ್ಕ.

ಕೊಯ್ತಕ್ಕೆ ಮಿತಿಯೂ ಇದೆ. ಬರಿಗೈ, ಕುತ್ತಿಗೆ, ಮುಖಗಳಿಗೆ ಅದು ಭಯಂಕರ. ದಪ್ಪ ಬಟ್ಟೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಉಕ್ಕಿನ ಕವಚದ ಮುಂದೆ ಅದು ವ್ಯರ್ಥ. ಆದ್ದರಿಂದ ಕವಚ ತೊಟ್ಟವರ ಕಾಳಗದಲ್ಲಿ ಅಲಗಿನ ನಡುವನ್ನೇ ಒಂದು ಕೈಯಲ್ಲಿ ಹಿಡಿದು ಸಂದುಗಳಿಗೆ ಇರಿಯುತ್ತಿದ್ದರು.

1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ತನ್ನ ಗ್ರಂಥ ಪ್ರಕಟಿಸಿದ ಯೋಆಖಿಮ್ ಮೈಯರ್‌ನ ಕಾಲಕ್ಕೆ ಉದ್ದಕತ್ತಿ ಬಹುಪಾಲು ಪಂದ್ಯದ ಆಯುಧವಾಗಿತ್ತು. ಇರಿತವನ್ನು ಅಪಾಯಕರವೆಂದು ಆಟದಿಂದ ಹೊರಗಿಟ್ಟಿದ್ದರು. ಕೊಯ್ತ ಮಾತ್ರ ಉಳಿದುಕೊಂಡಿತು. ಇಂದು ಈ ವಿದ್ಯೆಯನ್ನು ಮತ್ತೆ ಕಲಿಯುವವರು ಮೊಂಡು ಕತ್ತಿಯಿಂದ ಸೆಣಸುತ್ತಾರೆ. ಅಲಗು ಬರಿದೆ ತಾಗಿತೋ ನಿಜವಾಗಿ ಕೊಯ್ಯುತ್ತಿತ್ತೋ ಎಂಬುದನ್ನು ಗುರುತಿಸುವುದು ತೀರ್ಪುಗಾರರಿಗೆ ಸುಲಭವಲ್ಲ.