ಮೂಳೆಯ ಮದ್ದು: ತಕ್ಕಡಿಯ ಎರಡು ತಟ್ಟೆಗಳು

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಗೆ ನೀವು ಹೋದರೆ ಅಲ್ಲಿಯ ಶಾಂತೇಶ್ವರ ದೇವಾಲಯವನ್ನು ನೋಡದೆ ಬರಬೇಡಿ. 13ನೆಯ ಶತಮಾನದ ಈ ಗುಡಿಯ ಕಲ್ಲಿನ ಕಂಬಗಳು ಇಂದಿಗೂ ಚಾವಣಿಯ ಭಾರ ಹೊತ್ತು ನಿಂತಿವೆ. ಕಲ್ಲಿನ ಗುಣವೇ ಹಾಗೆ: ತಲೆಯ ಮೇಲಿನ ಭಾರವನ್ನು ಹೊರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಬಿದಿರು ಹಾಗಲ್ಲ, ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ನಮ್ಮ ಮೂಳೆಯಲ್ಲಿ ಈ ಎರಡು ಗುಣಗಳೂ ಸೇರಿವೆ. ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಕಲ್ಲಿನ ಕೆಲಸ ಮಾಡುತ್ತವೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬಿದಿರಿನ ಕೆಲಸ ಮಾಡುತ್ತವೆ.

ಮೂಳೆ ಜೀವಂತ ವಸ್ತು. ಒಂದು ಬಗೆಯ ಜೀವಕೋಶ ಹಳೆಯದನ್ನು ಕೆಡವುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತದೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಕೆಡವುವ ಕೆಲಸವೇ ಮೇಲುಗೈ ಪಡೆಯುತ್ತದೆ. ಮೂಳೆ ಒಳಗೊಳಗೇ ಟೊಳ್ಳಾಗುವ ಈ ಸ್ಥಿತಿಯೇ ಆಸ್ಟಿಯೊಪೊರೋಸಿಸ್. ಅಂಗಳದಲ್ಲಿ ಕಾಲು ಜಾರಿ ಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿಯುವುದು, ಆಮೇಲೆ ಆಕೆ ಹಾಸಿಗೆ ಹಿಡಿಯುವುದು, ನಿಮ್ಮ ಊರಿಗೂ ಹೊಸದಲ್ಲ. ಇದನ್ನು ತಡೆಯುವ ಮದ್ದುಗಳ ಇತಿಹಾಸ ನಿಮಗೊಂದು ಒಳ್ಳೆಯ ಪಾಠ.

ಮೊದಲ ಪಾಠ ನಮ್ಮ ನೆಲದಲ್ಲೇ ಇದೆ. 1997ರವರೆಗೆ ಹಾನಗಲ್ಲ ಮತ್ತು ಮುಂಡರಗಿ ತಾಲ್ಲೂಕುಗಳೆರಡೂ ಧಾರವಾಡ ಜಿಲ್ಲೆಯಲ್ಲಿದ್ದವು. ಪಶ್ಚಿಮದ ಹಾನಗಲ್ಲ ಮಳೆ, ಕೆರೆ, ಭತ್ತದ ಸೀಮೆ. ಪೂರ್ವದ ಮುಂಡರಗಿ ಒಣ ಸೀಮೆ; ಅಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಾಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಇದು ಫ್ಲೋರೋಸಿಸ್. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಫ್ಲೋರೋಸಿಸ್ ಆದವರ ಬೆನ್ನೆಲುಬಿನ ಎಕ್ಸ್-ರೇಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮೂಳೆ ಟೊಳ್ಳಾಗಿರುವುದಿಲ್ಲ, ಬದಲಿಗೆ ಅತಿ ದಟ್ಟವಾಗಿರುತ್ತದೆ! ಹಾಗಾದರೆ ಟೊಳ್ಳು ಮೂಳೆಗೆ ಫ್ಲೋರೈಡನ್ನೇ ಏಕೆ ಮದ್ದಾಗಿ ಕೊಡಬಾರದು? 1961ರ ಸುಮಾರಿಗೆ ಪಾಶ್ಚಾತ್ಯ ವೈದ್ಯರು ಇದನ್ನು ಪ್ರಯೋಗಿಸತೊಡಗಿದರು. ಮೂಳೆ ದಟ್ಟವಾಯಿತು, ಎಲ್ಲರಿಗೂ ಸಂತೋಷವಾಯಿತು. ಆದರೆ ಮುರಿತ ಕಡಿಮೆಯಾಯಿತೇ?

ಇದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಿಗ್ಸ್ ಮತ್ತು ಸಂಗಡಿಗರ ಪರೀಕ್ಷೆಯಿಂದ. 202 ಮಹಿಳೆಯರಲ್ಲಿ ಕೆಲವರಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಉಳಿದವರಿಗೆ ಹುಸಿಮಾತ್ರೆ. ನೀವೇ ಲೆಕ್ಕ ಹಾಕಿ: ಸೋಡಿಯಂ 23, ಫ್ಲೋರಿನ್ 19, ಅಂದರೆ ದಿನಕ್ಕೆ ಸುಮಾರು 34 ಮಿಲಿಗ್ರಾಂ ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಾಲ್ಕು ವರ್ಷಗಳಲ್ಲಿ ಸೊಂಟಭಾಗದ ಬೆನ್ನೆಲುಬಿನ ಸಾಂದ್ರತೆ 35 ಶೇಕಡಾ ಏರಿತು. ಆದರೆ ಬೆನ್ನೆಲುಬಿನ ಮುರಿತಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಉಳಿದ ಮೂಳೆಗಳಲ್ಲಿ ಹುಸಿಮಾತ್ರೆಯವರಿಗೆ 24 ಮುರಿತಗಳಾದರೆ ಫ್ಲೋರೈಡಿನವರಿಗೆ 72! ಕಲ್ಲಿನ ಅಂಶ ಹೆಚ್ಚಿತು, ಬಿದಿರಿನ ಗುಣ ಹೋಯಿತು. ಮದ್ದನ್ನು ತೂಗುವಾಗ ಎಣಿಸಬೇಕಾದದ್ದು ಮುರಿತಗಳನ್ನೇ ಹೊರತು ಚಿತ್ರದಲ್ಲಿ ಕಾಣುವ ದಟ್ಟತೆಯನ್ನಲ್ಲ ಎಂಬುದು ಅಂದು ಖಚಿತವಾಯಿತು.

ಎರಡನೆಯ ಪಾಠ ಹಾರ್ಮೋನಿನದು. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಕೊಟ್ಟರೆ ಮೂಳೆ ಉಳಿಯುತ್ತದೆ ಎಂಬುದು 1940ರ ದಶಕದಿಂದ ಬಂದ ವಿಚಾರ. 16,608 ಅಮೆರಿಕನ್ ಮಹಿಳೆಯರ ಮೇಲೆ ನಡೆದ ಈಸ್ಟ್ರೋಜನ್-ಪ್ರೊಜೆಸ್ಟಿನ್ ಜೋಡಿಯ ಪರೀಕ್ಷೆಯನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಪ್ರತಿ 10,000 ಮಂದಿಗೆ ವರ್ಷಕ್ಕೆ ಸೊಂಟದ ಮುರಿತಗಳು 5 ಕಡಿಮೆಯಾದವು, ನಿಜ. ಆದರೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚಾದವು. ಮೂಳೆಯನ್ನು ಮಾತ್ರ ಎಣಿಸಿದರೂ ಸಾಲದು; ಇಡೀ ಮನುಷ್ಯರನ್ನು ಎಣಿಸಬೇಕು.

ಮೂರನೆಯದು ಅಲೆಂಡ್ರೊನೇಟ್. ಮೂಳೆ ಕೆಡವುವ ಜೀವಕೋಶವನ್ನು ತಡೆಯುವ ಈ ಮಾತ್ರೆಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ದೊರೆಯಿತು. ಮೊದಲೇ ಬೆನ್ನೆಲುಬು ಮುರಿದಿದ್ದ 2,027 ಮಹಿಳೆಯರ ಪರೀಕ್ಷೆ 1996ರಲ್ಲಿ ಪ್ರಕಟವಾಯಿತು. ಸುಮಾರು ಮೂರು ವರ್ಷಗಳಲ್ಲಿ ಹುಸಿಮಾತ್ರೆಯವರಲ್ಲಿ 1,000ಕ್ಕೆ 22 ಮಂದಿಗೆ ಸೊಂಟ ಮುರಿಯಿತು, ಮದ್ದಿನವರಲ್ಲಿ 11 ಮಂದಿಗೆ. ‘ಅರ್ಧಕ್ಕರ್ಧ ಇಳಿಕೆ’ ಎಂದರೂ ಸರಿ, ‘1,000ಕ್ಕೆ 11 ಮಂದಿ ಪಾರು’ ಎಂದರೂ ಸರಿ. ಕಿವಿಗೆ ಮಾತ್ರ ಎರಡೂ ಬೇರೆಯಾಗಿ ಕೇಳುತ್ತವೆ!

ಇನ್ನೊಂದು ತಟ್ಟೆ ನೋಡಿ. 2003ರಲ್ಲಿ ಇದೇ ಗುಂಪಿನ ಮದ್ದುಗಳಿಂದ ದವಡೆಯ ಮೂಳೆ ಸಾಯುವ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಹೆಚ್ಚಿನವರು ದೊಡ್ಡ ಪ್ರಮಾಣದ ಚುಚ್ಚುಮದ್ದು ಪಡೆದ ಕ್ಯಾನ್ಸರ್ ರೋಗಿಗಳು. ಅನಂತರ ದೀರ್ಘಕಾಲ ಮಾತ್ರೆ ನುಂಗಿದ ಕೆಲವರ ತೊಡೆಯ ಮೂಳೆ ಪೆಟ್ಟಿಲ್ಲದೆಯೇ ಅಡ್ಡಲಾಗಿ ಮುರಿದದ್ದು ಕಂಡುಬಂತು. 2011ರ ಸ್ವೀಡನ್ ಅಧ್ಯಯನದ ಪ್ರಕಾರ ಇಂಥ ಮುರಿತ 10,000 ಬಳಕೆದಾರರಲ್ಲಿ ವರ್ಷಕ್ಕೆ ಸುಮಾರು 5 ಹೆಚ್ಚು. ಬಳಕೆಯ ವರ್ಷಗಳು ಹೆಚ್ಚಿದಂತೆ ಅಪಾಯವೂ ಹೆಚ್ಚು.

ಸುದ್ದಿ ಹರಡಿದ್ದು ಅಂಕಿಗಳಿಗಿಂತ ವೇಗವಾಗಿ. ಅಮೆರಿಕದಲ್ಲಿ 2008ರಿಂದ 2012ರ ನಡುವೆ ಈ ಮಾತ್ರೆಗಳ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ಮದ್ದು ನಿಜವಾಗಿ ಬೇಕಿದ್ದವರೂ ಬಿಟ್ಟರು. ಮುರಿದ ತೊಡೆಯ ಒಂದು ಚಿತ್ರವನ್ನು ನಮ್ಮ ತೆರೆಯ ಮೇಲೆ ತೋರಿಸುವುದು ಸುಲಭ. ಮುರಿಯದೇ ಉಳಿದ 11 ಸೊಂಟಗಳನ್ನು ತೋರಿಸುವುದು ಹೇಗೆ?

ಆದ್ದರಿಂದ ತೂಕ ಒಬ್ಬೊಬ್ಬರಿಗೆ ಒಂದೊಂದು. ಈಗಾಗಲೇ ಮೂಳೆ ಮುರಿದುಕೊಂಡ 70ರ ಅಜ್ಜಿಗೆ ಲಾಭದ ತಟ್ಟೆ ಸಾಮಾನ್ಯವಾಗಿ ಭಾರ. ಮೂಳೆ ಕೊಂಚವಷ್ಟೇ ತೆಳುವಾದ 50ರ ಗೃಹಿಣಿಗೆ ಅದೇ ತಟ್ಟೆ ಹಗುರ. ಸುಮಾರು ಐದು ವರ್ಷಗಳ ನಂತರ ವೈದ್ಯರು ಮತ್ತೆ ತೂಗಿ, ಕೆಲವರಿಗೆ ಮಾತ್ರೆಯಿಂದ ಬಿಡುವು ಕೊಡುತ್ತಾರೆ. ಆದರೆ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದನ್ನು ಹಠಾತ್ತನೆ ಬಿಟ್ಟರೆ ಬೆನ್ನೆಲುಬು ಮುರಿಯುವ ಭಯವಿದೆ.

ಮನೆಯಲ್ಲಿ ಮಾತ್ರೆಯ ಪಟ್ಟಿಯನ್ನು ಓದಿ ಹೇಳುವವರು ಬಹುಶಃ ನೀವೇ. ಅಲೆಂಡ್ರೊನೇಟ್ ಆಗಿದ್ದರೆ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ಅಜ್ಜಿಯ ಜೊತೆ ಆಸ್ಪತ್ರೆಗೆ ಹೋದಾಗ ವೈದ್ಯರನ್ನು ಮೂರು ಮಾತು ಕೇಳಿ: ಮದ್ದಿಲ್ಲದಿದ್ದರೆ ಇವರಿಗೆ ಮುರಿತದ ಸಂಭವ ಎಷ್ಟು? ಮದ್ದಿನಿಂದ ಅದು ಎಷ್ಟು ಇಳಿಯುತ್ತದೆ? ಎಷ್ಟು ವರ್ಷದ ನಂತರ ಮತ್ತೆ ತೂಗಿ ನೋಡಬೇಕು?