ರಾಷ್ಟ್ರ: ಕಂದಾಯದ ಕಡತದಿಂದ ವೇದಿಕೆಗೆ

ಚುನಾವಣೆ ಬಂತೆಂದರೆ ‘ರಾಷ್ಟ್ರ’ಕ್ಕೆ ಬಿಡುವಿಲ್ಲದ ದುಡಿಮೆ. ಋಗ್ವೇದದಲ್ಲೇ ಈ ಪದ ಇದೆ, ಹಾಗಾಗಿ ಇಂದಿನ ಭಾರತ ಅಂದಿನಿಂದಲೂ ಒಂದು ರಾಷ್ಟ್ರವಾಗಿಯೇ ಇತ್ತು ಎಂದು ವೇದಿಕೆಯಿಂದ ಸಲೀಸಾಗಿ ಹೇಳಿಬಿಡುತ್ತಾರೆ. ಪದ ಇದ್ದದ್ದು ನಿಜ. ಅರ್ಥ ಮಾತ್ರ ಬೇರೆ: ಅರಸನ ಆಳ್ವಿಕೆ, ಅವನ ಕೈಗೆ ದಕ್ಕಿದಷ್ಟು ನೆಲ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ ಬಂದರೆ ರಾಷ್ಟ್ರ ಲೆಕ್ಕದ ಪುಸ್ತಕ ಸೇರಿರುತ್ತದೆ. ಕಂದಾಯದ ಹಿರಿಯ ಅಧಿಕಾರಿಯಾದ ಸಮಾಹರ್ತ ಏಳು ಬಾಬುಗಳ ಮೇಲೆ ಕಣ್ಣಿಟ್ಟಿರಬೇಕು: ದುರ್ಗ, ರಾಷ್ಟ್ರ, ಖನಿ, ಸೇತು, ವನ, ವ್ರಜ, ವಣಿಕ್ಪಥ. ಅಂದರೆ ರಾಷ್ಟ್ರ ಎಂಬುದು ಕೋಟೆಯ ಹೊರಗಿನ ಹಳ್ಳಿಗಾಡು, ಅಲ್ಲಿಂದ ಬರುವ ಹುಟ್ಟುವಳಿ. ಬೆಳೆಯ ಪಾಲು, ದೋಣಿ ಸುಂಕ, ಹುಲ್ಲುಗಾವಲಿನ ತೆರಿಗೆ, ದಾರಿ ಸುಂಕ ಎಲ್ಲ ಅದರ ಕೆಳಗೆ ಬರುತ್ತವೆ. ಪಟ್ಟಿಯ ಕೊನೆಗೆ ‘ಚೋರರಜ್ಜು’, ಅಕ್ಷರಶಃ ಕಳ್ಳರ ಹಗ್ಗ! ಕಳ್ಳರನ್ನು ಹಿಡಿಯುವ ಏರ್ಪಾಡಿಗಾಗಿ ತೆರುವ ಹಣವದು. ಈ ರಾಷ್ಟ್ರಕ್ಕೆ ಯಾರೂ ಜೈಕಾರ ಹಾಕಿರಲಾರರು.

ಮಾನ್ಯಖೇಟದಿಂದ ಆಳಿದ ನಮ್ಮ ರಾಷ್ಟ್ರಕೂಟರಲ್ಲಿ ರಾಷ್ಟ್ರ ಒಂದು ಆಡಳಿತ ವಿಭಾಗ. ಅವರ ತಾಮ್ರಶಾಸನಗಳು ದಾನದ ಸುದ್ದಿ ತಿಳಿಸುವಾಗ ಅಧಿಕಾರಿಗಳನ್ನು ಸಾಲಾಗಿ ಹೆಸರಿಸುತ್ತವೆ: ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ. ಈ ಸಾಲಿನ ರಾಷ್ಟ್ರಪತಿಯನ್ನು ಇಂದಿನ ವಿಭಾಗಾಧಿಕಾರಿಗೆ ಹೋಲಿಸಬಹುದು. ಸಾವಿರ ವರ್ಷ ಕಳೆದ ಮೇಲೆ ಕಾಂಗ್ರೆಸ್ ಅಧ್ಯಕ್ಷರನ್ನೂ ರಾಷ್ಟ್ರಪತಿ ಎಂದೇ ಕರೆಯುತ್ತಿದ್ದರು. 1937ರಲ್ಲಿ ನೆಹರೂ ತಮ್ಮನ್ನೇ ಟೀಕಿಸಿಕೊಂಡು ‘ರಾಷ್ಟ್ರಪತಿ’ ಎಂಬ ಲೇಖನ ಬರೆದರು. ಕೆಳಗೆ ಹಾಕಿದ ಗುಪ್ತನಾಮ ‘ಚಾಣಕ್ಯ’, ಅಂದರೆ ಅದೇ ಕೌಟಿಲ್ಯ. ಕಡತ ಮತ್ತೆ ಹಳೆಯ ಯಜಮಾನನ ಕೈಗೇ ಬಂದಂತಾಯಿತು. 1950ರಲ್ಲಿ ಗಣರಾಜ್ಯದ ಮುಖ್ಯಸ್ಥರಿಗೆ ಆ ಹೆಸರು ಸಂದಿತು.

ಯುರೋಪಿನ ‘ನೇಷನ್’ ಎಂಬ ಕಲ್ಪನೆಯನ್ನು ಈ ಪದ ಹೊತ್ತದ್ದು ವಸಾಹತು ಕಾಲದಲ್ಲಿ. ಅದೂ ಎಲ್ಲ ಕಡೆ ಅಲ್ಲ. ಬಂಗಾಳಿಯಲ್ಲಿ ರಾಷ್ಟ್ರಗೀತೆಗೆ ‘ಜಾತೀಯ ಸಂಗೀತ’ ಎನ್ನುತ್ತಾರೆ. ಜಾತಿಯ ಮಾತು ಬಂದರೆ ನಾವು ಬೇರೇನನ್ನೋ ಯೋಚಿಸುತ್ತೇವೆ!

ಹೆಚ್ಚು ಎಡವಟ್ಟಾದದ್ದು ‘ರಾಷ್ಟ್ರಭಾಷೆ’ಯಲ್ಲಿ. 1918ರಲ್ಲಿ ಗಾಂಧೀಜಿ ದಕ್ಷಿಣದಲ್ಲಿ ಹಿಂದಿ ಪ್ರಚಾರ ಆರಂಭಿಸಿದರು. ಆ ಕೆಲಸಕ್ಕೆಂದೇ ಹುಟ್ಟಿದ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಲ್ಲಿ ಪ್ರಾಥಮಿಕ, ಮಧ್ಯಮಾ ಮುಗಿದರೆ ಮೂರನೆಯದರ ಹೆಸರೇ ‘ರಾಷ್ಟ್ರಭಾಷಾ’. ಕನ್ನಡದ ಎಷ್ಟೋ ಮನೆಗಳಲ್ಲಿ ಅದರ ಪ್ರಮಾಣಪತ್ರ ಸಿಕ್ಕೀತು. ಹೀಗೆ ಪರೀಕ್ಷೆಯ ಹೆಸರು ಕಾನೂನಿನಂತೆ ತಲೆಯಲ್ಲಿ ಕೂತಿತು. ಆದರೆ 1949ರ ಸೆಪ್ಟೆಂಬರ್ 14ರಂದು ಸಂವಿಧಾನ ಸಭೆ ಬಿಸಿಬಿಸಿ ಚರ್ಚೆಯ ನಂತರ ಒಪ್ಪಿದ್ದು ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆಯಾಗಿ. 343ನೆಯ ವಿಧಿಯ ಹಿಂದಿ ಪಠ್ಯದಲ್ಲೇ ಇರುವುದು ‘ರಾಜಭಾಷಾ’. ಇಷ್ಟಾದರೂ ಹಿಂದಿ ನಮ್ಮ ರಾಷ್ಟ್ರಭಾಷೆ ಎಂದು ಗುಡುಗುವ ನಾಯಕರು ಹಲವು ಪಕ್ಷಗಳಲ್ಲಿ ಇದ್ದಾರೆ. ಓದಲು ತೊಡಗಿದರೆ ಆ ವಿಧಿ ಎರಡು ನಿಮಿಷದ ಕೆಲಸವೂ ಅಲ್ಲ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ ಅನ್ನಿಸುವುದು ‘ರಾಷ್ಟ್ರಕವಿ’ಯನ್ನು ನೋಡಿದಾಗ. ಗೋವಿಂದ ಪೈ ಅವರಿಗೆ 1949ರಲ್ಲಿ ಆ ಬಿರುದು ಕೊಟ್ಟದ್ದು ಮದರಾಸು ಸರ್ಕಾರ. ಕುವೆಂಪು ಅವರಿಗೆ 1964ರಲ್ಲಿ, ಜಿ.ಎಸ್. ಶಿವರುದ್ರಪ್ಪನವರಿಗೆ 2006ರಲ್ಲಿ ಕೊಟ್ಟದ್ದು ನಮ್ಮ ರಾಜ್ಯ ಸರ್ಕಾರ. ಪ್ರಾಂತದ ಸರ್ಕಾರ ರಾಷ್ಟ್ರಕವಿಯನ್ನು ನೇಮಿಸುವುದು ಮಾನ್ಯಖೇಟದ ಕರಣಿಕನಿಗೆ ಸಹಜವಾಗಿಯೇ ಕಾಣುತ್ತಿತ್ತು.