ಮನೆಯಲ್ಲೊಂದು ದನಿ, ಜಾತ್ರೆಯಲ್ಲೊಂದು ದನಿ...

ಗಿಟಾರ್ ನುಡಿಸುವ ಗೆಳೆಯರಿಗೆಲ್ಲ ಗೊತ್ತಿರುವ ಸಂಕಟ ಇದು. ರಾತ್ರಿ ಹನ್ನೊಂದಕ್ಕೆ, ಪಕ್ಕದ ಮನೆಯವರು ಬಾಗಿಲು ತಟ್ಟದ ಹಾಗೆ, ಹೆಡ್‌ಫೋನ್ ಹಾಕಿಕೊಂಡು ಪ್ರೊಸೆಸರ್‌ನಲ್ಲಿ ಒಂದು ಚೆಂದದ ಟೋನ್ ಕೂರಿಸಿರುತ್ತೇವೆ. ಅದೇ ಪ್ಯಾಚ್ ವೇದಿಕೆಯ ದೊಡ್ಡ ಸ್ಪೀಕರಿನಲ್ಲಿ ಬಂದಾಗ ಯಾರದ್ದೋ ಗಿಟಾರ್ ಅನ್ನಿಸುತ್ತದೆ. ಕೆಳಗೆ ಗುಂಯ್ ಅನ್ನುವ ಬೇಸ್, ಮೇಲೆ ಕಿವಿ ಚುಚ್ಚುವ ಟ್ರೆಬಲ್, ನಡುವೆ ಇರಬೇಕಾದ ಗಿಟಾರೇ ನಾಪತ್ತೆ :-)

ಇದು ಡಿಜಿಟಲ್ ಪೆಟ್ಟಿಗೆಗಳ ಜೊತೆ ಬಂದ ರೋಗ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೈನ್ ಸಿಕ್ಸ್ ಕಂಪನಿಯ ಪಾಡ್, ಅದೇ ಕೆಂಪು ಬಣ್ಣದ ಕಾಳಿನಾಕಾರದ ಡಬ್ಬಿ, ಬಂದದ್ದು 1998ರಲ್ಲಿ. ಆದರೆ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಈ ರೋಗದ ಮೂಲವನ್ನು 1933ರಲ್ಲೇ ಬರೆದಿಟ್ಟಿದ್ದರು. ತಪ್ಪು ಪೆಟ್ಟಿಗೆಯದ್ದಲ್ಲ, ನಮ್ಮ ಕಿವಿಯದ್ದು. ಸದ್ದು ಸಣ್ಣದಿದ್ದಾಗ ಕಿವಿಗೆ ಬೇಸ್ ಸರಿಯಾಗಿ ಕೇಳುವುದಿಲ್ಲ. 1000 ಹರ್ಟ್ಸ್‌ನ ಸ್ವರ 40 ಡೆಸಿಬೆಲ್ ಇದ್ದರೆ, ಅಷ್ಟೇ ಜೋರಾಗಿ ಕೇಳಲು 100 ಹರ್ಟ್ಸ್‌ನ ಸ್ವರ ಸುಮಾರು 64 ಡೆಸಿಬೆಲ್ ಬೇಕು. ಅಂದರೆ 24ರ ಅಂತರ. 80 ಡೆಸಿಬೆಲ್‌ಗೆ ಹೋದರೆ ಈ ಅಂತರ ಅರ್ಧದಷ್ಟಾಗುತ್ತದೆ. ಮನೆಯಲ್ಲಿ ಕಿವಿಯ ಮಾತು ಕೇಳಿ ನಾವು ತುಂಬಿಸಿದ ಬೇಸ್ ಎಲ್ಲ ಮೈದಾನದಲ್ಲಿ ಬಡ್ಡಿ ಸಮೇತ ವಾಪಸು ಬರುವುದು ಇದಕ್ಕೇ.

ಸರಿ, ಇತಿಹಾಸ ಅಂದವನು ಬೆಲ್ ಲ್ಯಾಬ್ಸ್ ಯಾಕೆ ಹಿಡಿದೆ? ನಮ್ಮ ಕಡೆಗೇ ಬರುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಿಂದ ಈ ಐದೂ ವಿಜಯನಗರ ಜಿಲ್ಲೆ. (ಹರಪನಹಳ್ಳಿಯವರು ಪಾಪ, ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, ಆಮೇಲೆ ಇಲ್ಲಿಗೆ ಬಂದವರು!) ಈ ಸೀಮೆಯಲ್ಲಿ ಮನೆಯ ದನಿ ಮತ್ತು ಜಾತ್ರೆಯ ದನಿ ಬೇರೆ ಬೇರೆ ಅನ್ನುವುದು ಯಾರೂ ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ.

ಹಲಗೆಯನ್ನೇ ನೋಡಿ. ಬಾರಿಸುವ ಮೊದಲು ಸೊಪ್ಪೆ, ಹುಲ್ಲು ಉರಿಸಿ ಚರ್ಮ ಕಾಯಿಸುತ್ತಾರೆ. ಮನೆಯೊಳಗೆ ಗೂಟಕ್ಕೆ ನೇತುಹಾಕಿದಾಗ ಅದಕ್ಕಿದ್ದ ಶ್ರುತಿ, ರಾತ್ರಿಯ ತಂಪಿನಲ್ಲಿ ಬಯಲಿಗೆ ತಂದಾಗ ಇರುವುದಿಲ್ಲ. ಹಾಗಾಗಿ ಶ್ರುತಿ ಮಾಡುವುದು ಬಾರಿಸುವ ಜಾಗದಲ್ಲೇ. ಮೆರವಣಿಗೆಯ ನಡುವೆಯೂ ನಿಂತು ಮತ್ತೆ ಕಾಯಿಸುತ್ತಾರೆ. ಸೌಂಡ್ ಚೆಕ್ ಅಂದರೆ ಇನ್ನೇನು?

ವೃತ್ತಿ ನಾಟಕ ಕಂಪನಿಗಳ ಕಾಲುಹಾರ್ಮೋನಿಯಂ ಇನ್ನೊಂದು ಜಾಣತನ. ಹಾರ್ಮೋನಿಯಂ ಹುಟ್ಟಿದ್ದು 1840ರ ಹೊತ್ತಿಗೆ ಪ್ಯಾರಿಸಿನಲ್ಲಿ, ದೆಬೆಯಿನ್ ಎಂಬಾತನ ಕೈಯಲ್ಲಿ. ಆಗ ಅದನ್ನು ಕಾಲಲ್ಲೇ ತುಳಿಯುತ್ತಿದ್ದರು. ಕೈಯಲ್ಲಿ ತಿದಿ ಒತ್ತುವ, ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆಯನ್ನು 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಮಾಡಿದರು. ಮನೆಗೆ, ಭಜನೆಗೆ ಅದು ಸಾಕು. ನಾಟಕದ ಡೇರೆಗೆ ಸಾಲದು. ಅಲ್ಲಿ ಕಾಲಿನ ಪೆಟ್ಟಿಗೆಯೇ ಉಳಿಯಿತು. ಗಾಳಿ ಸದಾ ತುಂಬಿರುತ್ತದೆ, ಎರಡೂ ಕೈ ಮನೆಗಳ ಮೇಲೆ ಓಡಾಡುತ್ತವೆ. ಮೈಕಿಲ್ಲದ ಕಾಲದಲ್ಲಿ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದದ್ದೂ ಕೊನೆಯ ಸಾಲಿನವನಿಗಾಗಿಯೇ. ನಮ್ಮ ಕಡೆ ಈಗಲೂ ಜಾತ್ರೆ ಅಂದರೆ ಊರ ನಾಟಕ ಇರುತ್ತದೆ, ಆದರೆ ಆ ಪೆಟ್ಟಿಗೆಯ ಜಾಗಕ್ಕೆ ಹೆಚ್ಚಿನ ಕಡೆ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ನಾನು ಕೀಬೋರ್ಡಿನ ವಿರೋಧಿಯಲ್ಲ. ಆದರೆ ತುಳಿತದ ಭಾರ ನೋಡಿಕೊಂಡು ನಟನ ದನಿಗೆ ತಕ್ಕಂತೆ ಏರಿಳಿಸುತ್ತಿದ್ದ ಮಾಸ್ತರರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಕಾಲಿಗೆ ಗೊತ್ತಿದ್ದದ್ದು ಯಾವ ಪ್ರಿಸೆಟ್ಟಿನಲ್ಲೂ ಸೇವ್ ಆಗಿಲ್ಲ.

ಮನೆಯ ದನಿಗೇ ಕಟ್ಟಿದ ಹಾಡುಗಳೂ ಇಲ್ಲಿವೆ. 19ನೇ ಶತಮಾನದ ಹರಪನಹಳ್ಳಿ ಭೀಮವ್ವನ ಹಾಡುಗಳನ್ನು ಹೆಂಗಸರು ಆರತಿಗೆ, ಹಸೆಗೆ ಮೆಲ್ಲಗೆ ಹೇಳಿಕೊಂಡು ಬಂದರು. ಅಂಥ ಹಾಡನ್ನು ಈಗ ಮೈಕಿಗೆ ಬಾಯಿ ತಾಗಿಸಿ, ಎಕೋ ಹಾಕಿ ಹಾಡಿದಾಗ ನನಗಂತೂ ಅದೇ ಹಾಡು ಅನ್ನಿಸುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಹಡಗಲಿ ತಾಲ್ಲೂಕಿನ ಮೈಲಾರ. ಪ್ರತಿ ವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ ಕಾರಣಿಕ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಕೆಳಗೆ ಲಕ್ಷಗಟ್ಟಲೆ ಜನ, ಡಮರು, ಗದ್ದಲ. ಅವನು ಮೊದಲು ಕೂಗುವುದು ಒಂದೇ ಮಾತು: "ಸದ್ದಲೇ!" ಅಷ್ಟೇ, ಇಡೀ ಮರಡಿ ಗಪ್‌ಚಿಪ್. ಆಮೇಲೆ ವರ್ಷದ ಭವಿಷ್ಯ ಒಂದೇ ಸಾಲಿನಲ್ಲಿ. ಹೇಳಿದವನೇ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ.

ಎಂಜಿನಿಯರ್ ಕಣ್ಣಲ್ಲಿ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಬ್ಬ ಮನುಷ್ಯ ಎಷ್ಟಂತ ಕೂಗಬಲ್ಲ? ಎತ್ತರಕ್ಕೆ ಹತ್ತಿದ್ದರಿಂದ ಮುಂದಿನವರ ತಲೆಗಳು ದನಿಗೆ ಅಡ್ಡ ಬರುವುದಿಲ್ಲ. ಕೂಗಿದಾಗ ದನಿಯ ಬಲ ಹೆಚ್ಚುವುದು ಕಿವಿ ಬಹಳ ಚುರುಕಾಗಿರುವ 1000ದಿಂದ 4000 ಹರ್ಟ್ಸ್ ನಡುವೆ. ಇಷ್ಟಾದ ಮೇಲೂ ಅವನು ವಾಲ್ಯೂಮ್ ಏರಿಸುವ ಬದಲು ಗದ್ದಲವನ್ನೇ ಇಳಿಸುತ್ತಾನೆ! ಮಳೆ ಬೆಳೆಯ ಲೆಕ್ಕ ಹಾಕಲು ಬಂದ ರೈತನಿಗೆ ಒಂದು ಅಕ್ಷರ ತಪ್ಪಿ ಕೇಳಿದರೂ ಅರ್ಥ ಬದಲಾಗುತ್ತದೆ. ಬೇಸ್, ಟ್ರೆಬಲ್ ಅಲ್ಲ, ಮಾತು ಮುಟ್ಟಬೇಕು.

ಮೈಕು ಬಂದ ಮೇಲೆ ಗದ್ದಲ ಇಳಿಸುವ ಗೋಜು ಯಾರಿಗೂ ಬೇಡವಾಯಿತು. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂದವು. ಹಬ್ಬಕ್ಕೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಬಿಡಬಹುದು, ಅಷ್ಟೇ. ಬೆಳಗಿನವರೆಗೆ ನಡೆಯುವ ನಾಟಕದವರು ಏನು ಮಾಡಬೇಕು ಹೇಳಿ?

ಈ ಸಲ ಕೊಟ್ಟೂರಿನ ಕಡೆಯ ಒಂದು ಊರ ನಾಟಕಕ್ಕೆ ಗಿಟಾರ್ ನುಡಿಸಲು ನನ್ನನ್ನೂ ಕರೆದಿದ್ದಾರೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಹಾರ್ಮೋನಿಯಂ ಮಾಸ್ತರರು. ಅವರ ಪೆಟ್ಟಿಗೆ ಮುಚ್ಚಿಹೋಗಬಾರದು, ಅದೊಂದೇ ನನ್ನ ಹಟ. ಹಾಗಾಗಿ ಹೆಡ್‌ಫೋನಿನಲ್ಲಿ ಮಾಡಿದ ಪ್ಯಾಚುಗಳನ್ನು ಬದಿಗಿಟ್ಟು, ಹೊಲದ ಮನೆಯ ಅಂಗಳದಲ್ಲಿ ಸ್ಪೀಕರನ್ನು ವೇದಿಕೆಯಷ್ಟೇ ಜೋರಾಗಿಟ್ಟು, ಇಪ್ಪತ್ತು ಹೆಜ್ಜೆ ದೂರ ನಿಂತು ಹೊಸದಾಗಿ ಮಾಡುತ್ತಿದ್ದೇನೆ. 100 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸಿದೆ, ಗೇನ್ ಇಳಿಸಿದೆ, ನಡುವಿನ ಸ್ವರ ಸ್ವಲ್ಪ ಏರಿಸಿದೆ. ಮನೆಯೊಳಗೆ ಕೇಳಿದರೆ ತಗಡು ಬಡಿದ ಹಾಗಿದೆ :-) ಅಂಗಳದಲ್ಲಿ ಮಾತ್ರ ಗಿಟಾರಿನ ಹಾಗೇ ಇದೆ. ನಿಮ್ಮೂರಿನ ಜಾತ್ರೆಯಲ್ಲಿ ಯಾರಾದರೂ ಇನ್ನೂ ಕಾಲುಪೆಟ್ಟಿಗೆ ನುಡಿಸುತ್ತಿದ್ದರೆ ತಿಳಿಸಿ, ಬಂದು ಕೇಳುತ್ತೇನೆ.